ದಾರಿಯಲ್ಲಿ ನಾಯಿಯ ಹಗ್ಗ ಬಿಚ್ಚಬಹುದೆ?

ಕಳೆದ ತಿಂಗಳು ಶಾಲೆ ಬಿಟ್ಟ ಹೊತ್ತಿನಲ್ಲಿ ಪಾಲಕರೊಬ್ಬರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿದರು. ಗಾರೆಕೆಲಸಕ್ಕೆಂದು ಗದಗ ಜಿಲ್ಲೆಯಿಂದ ಬಂದು ಗೋವೆಯಲ್ಲಿ ನೆಲೆಸಿದವರು ಅವರು. ಊರ ಜಾತ್ರೆಗೆ ಹೋದವರು ಬರುವಾಗ ಒಂದು ಮರಿ ತಂದಿದ್ದರು. ಅದೀಗ ಆಳೆತ್ತರ ನೆಗೆಯುವ ನಾಯಿಯಾಗಿತ್ತು.

“ಗುರುಗಳ, ನಮ್ಮ ನಾಯಿ ಭಾಳ ಶಾಣ್ಯಾ ಐತ್ರಿ. ಯಾರಿಗೂ ಏನೂ ಮಾಡೂದಿಲ್ರಿ. ಹಗ್ಗಾ ಬಿಚ್ಚಿ ದಾರ್ಯಾಗ ಬಿಟ್ಕೊಂಡು ಹೋದ್ರ ಮಂದಿ ಬೈತಾರ್ರೀ. ಇದರಾಗ ತಪ್ಪೇನೈತ್ರಿ?” ಎಂದು ಕೇಳಿದರು.

ಅವರಿಗೆ ಅಲ್ಲಿಯೇ ಎರಡು ಮಾತು ಹೇಳಿ ಕಳುಹಿಸಿದೆ. ಆದರೆ ಇದು ಅವರೊಬ್ಬರ ಪ್ರಶ್ನೆಯಲ್ಲ. ಗಡಿಯಾಚೆಗೆ ಬಂದು ಹೊಲಮನೆ ಮಾಡಿಕೊಂಡ ನಮ್ಮವರಲ್ಲಿ ನಾಯಿ ಸಾಕದ ಮನೆ ಕಡಿಮೆ. ಆದುದರಿಂದ ಈ ಸಲದ ಕೃಷಿ ಪುಟವನ್ನು ಈ ವಿಷಯಕ್ಕೇ ಮೀಸಲಾಗಿಟ್ಟಿದ್ದೇನೆ.

ನನ್ನ ಅನುಭವ

ಈ ವಿಷಯದಲ್ಲಿ ಬುದ್ಧಿ ಹೇಳುವಷ್ಟು ಪಾಂಡಿತ್ಯ ನನಗಿಲ್ಲ. ತಪ್ಪು ಮಾಡಿ ಕಲಿತಿದ್ದೇನೆ, ಅಷ್ಟೆ. ನನ್ನ ಹೆಂಡತಿಯ ತವರು ಬಾಗಲಕೋಟೆ ಜಿಲ್ಲೆ. ಅಲ್ಲಿಂದ ಆರು ವರ್ಷದ ಹಿಂದೆ ಒಂದು ಮುಧೋಳ ಜಾತಿಯ ಮರಿ ತಂದೆವು. ಸರ್ಜಾ ಎಂದು ಹೆಸರಿಟ್ಟೆವು. ಮಕ್ಕಳು ಬಾಲ ಎಳೆದರೂ ಗುರ್ ಎನ್ನದ ಪ್ರಾಣಿ. ತೋಟಕ್ಕೆ ಹೋಗುವಾಗ ನನ್ನ ಹಿಂದೆ ಬರುತ್ತಿತ್ತು. ಫೋಂಡಾದಿಂದ ಮೊಲ್ಲೆಂ ಕಡೆಗೆ ಹೋಗುವ ಹೆದ್ದಾರಿಯನ್ನು ದಾಟುವಾಗಲೂ ಅದಕ್ಕೆ ಹಗ್ಗವಿರಲಿಲ್ಲ. ಯಾರಾದರೂ ಆಕ್ಷೇಪಿಸಿದರೆ, “ನಮ್ಮ ನಾಯಿ ಏನೂ ಮಾಡುವುದಿಲ್ಲ” ಎಂದು ನಾನೂ ಹೇಳುತ್ತಿದ್ದೆ.

ಒಂದು ದಿನ ಬೆಳಿಗ್ಗೆ ರಸ್ತೆಯ ಆಚೆ ಬದಿಯಲ್ಲಿ ಒಂದು ಆಡಿನ ಮರಿ ಜಿಗಿಯಿತು. ಸರ್ಜಾ ಬಾಣದಂತೆ ಹೊರಟಿತು. ನಾನು ಕೂಗಿದ ಕೂಗು ಅದರ ಕಿವಿಗೆ ಬೀಳಲಿಲ್ಲ. ಅದೇ ಕ್ಷಣಕ್ಕೆ ನಮ್ಮೂರಿನ ಪೈಲಟ್ ಒಬ್ಬರು ಮೋಟರ್ ಸೈಕಲ್ ಮೇಲೆ ಬಂದರು. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವವರಿಗೆ ಗೋವೆಯಲ್ಲಿ ಪೈಲಟ್ ಎನ್ನುವುದು ವಾಡಿಕೆ. ನಾಯಿಯನ್ನು ಉಳಿಸಲು ಅವರು ಬ್ರೇಕ್ ಒತ್ತಿದರು, ಗಾಡಿ ಜಾರಿತು, ಕೊರಳ ಕೆಳಗಿನ ಎಲುಬು ಮುರಿಯಿತು. ನಾಯಿಗೆ ಒಂದು ಗೀರು ಕೂಡ ಆಗಲಿಲ್ಲ.

ಔಷಧದ ವೆಚ್ಚ ನಾನು ಕೊಟ್ಟೆ. ಆದರೆ ನೋಡಲು ಹೋದಾಗ ಆ ಕೊಂಕಣಿ ಗೃಹಸ್ಥರು ಹೇಳಿದ ಮಾತನ್ನು ಇಂದಿಗೂ ಮರೆತಿಲ್ಲ. “ಮಾಸ್ತರರೇ, ನಿಮ್ಮ ನಾಯಿ ಕಚ್ಚಲಿಲ್ಲ, ನಿಜ. ಆದರೆ ನನ್ನ ಒಂದೂವರೆ ತಿಂಗಳ ದುಡಿಮೆ ಹೋಯಿತು.” ನನ್ನ ಮಕ್ಕಳನ್ನು ಮಳೆಗಾಲದಲ್ಲಿ ಎಷ್ಟೋ ಸಲ ಹಣ ಕೇಳದೆ ಮನೆಗೆ ಮುಟ್ಟಿಸಿದವರು ಅವರು. ನಾನು ಅಂದು ತಲೆ ತಗ್ಗಿಸಿ ಬಂದೆ.

ಇದರಿಂದ ಮೊದಲನೆಯ ಪಾಠ: ನಾಯಿ ಕಚ್ಚುತ್ತದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆಯಲ್ಲ. ಬಿಟ್ಟ ನಾಯಿ ಓಡುತ್ತದೆ, ಅಡ್ಡ ಬರುತ್ತದೆ, ಹೆದರಿಸುತ್ತದೆ. ಕಚ್ಚದ ನಾಯಿಯಿಂದಲೂ ಒಂದು ಮನೆಯ ಅನ್ನಕ್ಕೆ ಕುತ್ತು ಬರಬಹುದು.

ನಾಯಿಯ ಗುಣ ತಿಳಿದಿರಬೇಕು

“ಬೊಗಳುವ ನಾಯಿ ಕಚ್ಚುವುದಿಲ್ಲ” ಎಂಬ ಗಾದೆಯನ್ನು ನಂಬಿ ಕೆಟ್ಟವರು ಬಹಳ. ಹೆದರಿದ ನಾಯಿ ಬೊಗಳುತ್ತಲೂ ಕಚ್ಚುತ್ತದೆ, ಬೊಗಳದೆಯೂ ಕಚ್ಚುತ್ತದೆ. ಮನೆಯಲ್ಲಿ ಮೆತ್ತಗಿರುವ ನಾಯಿ ದಾರಿಯಲ್ಲಿಯೂ ಹಾಗೆಯೇ ಇರುತ್ತದೆಂದು ತಿಳಿಯಬಾರದು. ಮನೆಯಲ್ಲಿ ಅದಕ್ಕೆ ಎಲ್ಲವೂ ಪರಿಚಿತ. ದಾರಿಯಲ್ಲಿ ಹಾರ್ನು, ಕೊಡೆ, ಕೋಲು, ಓಡುವ ಹುಡುಗರು, ಬೇರೆ ನಾಯಿಗಳ ಗುಂಪು, ಎಲ್ಲವೂ ಹೊಸದು.

ನಮ್ಮ ಮುಧೋಳ ನಾಯಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಈ ತಳಿ ನಮ್ಮ ನಾಡಿನ ಹೆಮ್ಮೆ. 2005ರಲ್ಲಿ ಭಾರತ ಸರಕಾರ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ಇದು ವಾಸನೆ ಹಿಡಿದು ಮೆಲ್ಲನೆ ಹೋಗುವ ಜಾತಿಯಲ್ಲ; ಕಣ್ಣಿಂದ ಕಂಡು ಅಟ್ಟಿಸಿಕೊಂಡು ಹೋಗುವ ಬೇಟೆನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಅದರ ಕಾಲು ನಿಲ್ಲುವುದಿಲ್ಲ. ಅದು ದುಷ್ಟತನವಲ್ಲ, ನೂರಾರು ವರ್ಷ ಮನುಷ್ಯನೇ ಅದರಲ್ಲಿ ಬೆಳೆಸಿದ ಗುಣ. ಎಷ್ಟು ಪಾಠ ಹೇಳಿದರೂ ಈ ಗುಣ ಪೂರ್ತಿ ಅಳಿಯುವುದಿಲ್ಲ. ಆದುದರಿಂದ ಇಂಥ ನಾಯಿಯನ್ನು ರಸ್ತೆಯ ಬಳಿ ಬಿಡುವ ಮಾತೇ ಸಲ್ಲದು.

ಬಲವಾದ ದವಡೆಯ ವಿದೇಶಿ ತಳಿಗಳ ಮಾತು ಇನ್ನೂ ಗಂಭೀರ. 2024ರ ಆಗಸ್ಟ್ ತಿಂಗಳಲ್ಲಿ ಗೋವೆಯ ಅಂಜುಣೆಯಲ್ಲಿ ಸಾಕಿದ ಪಿಟ್‌ಬುಲ್ ನಾಯಿಯೊಂದು ಏಳು ವರ್ಷದ ಬಾಲಕನನ್ನು ಕಚ್ಚಿ ಕೊಂದಿತು. ಅಂಥ ತಳಿಯನ್ನು ಕೂಲಿಕಾರರ ಸಾಲುಮನೆಗಳಲ್ಲಿ, ಮಕ್ಕಳು ಓಡಾಡುವ ಓಣಿಗಳಲ್ಲಿ ಸಾಕುವ ಚಪಲವನ್ನು ನಮ್ಮ ತರುಣರು ಬಿಡುವುದು ಒಳ್ಳೆಯದು.

ಗೋವೆ ಕಷ್ಟಪಟ್ಟು ಗಳಿಸಿದ್ದು

ಇನ್ನು ಹುಚ್ಚುನಾಯಿ ರೋಗದ ಮಾತು. ಇದನ್ನು ರೇಬೀಸ್ ಎನ್ನುತ್ತಾರೆ. ರೋಗ ಹಿಡಿದ ಪ್ರಾಣಿಯ ಜೊಲ್ಲಿನಲ್ಲಿ ವಿಷಾಣು ಇರುತ್ತದೆ. ಕಚ್ಚಿದ ಗಾಯದ ಮೂಲಕ ಅದು ನರಗಳನ್ನು ಸೇರಿ ಮಿದುಳಿಗೆ ಏರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ಈ ರೋಗ ಬರುವುದು ನೂರಕ್ಕೆ 99 ಸಲ ನಾಯಿಯಿಂದಲೇ.

ಈ ರೋಗದ ವಿರುದ್ಧ ಗೋವೆಯಲ್ಲಿ ದೊಡ್ಡ ಕೆಲಸ ನಡೆದಿದೆ. ರಾಜ್ಯ ಸರಕಾರ ಮತ್ತು ಮಿಷನ್ ರೇಬೀಸ್ ಎಂಬ ಸಂಸ್ಥೆ ಕೂಡಿ ಹಳ್ಳಿ ಹಳ್ಳಿಗೆ ಹೋಗಿ ನಾಯಿಗಳಿಗೆ ಸೂಜಿ ಹಾಕಿಸಿದವು. ಒಂದು ಪ್ರದೇಶದ ನೂರು ನಾಯಿಗಳಲ್ಲಿ 70ಕ್ಕೆ ಸೂಜಿ ಬಿದ್ದರೆ ರೋಗ ಹರಡಲು ದಾರಿ ಸಿಗುವುದಿಲ್ಲವೆಂಬುದು ಈ ಕೆಲಸದ ಸೂತ್ರ. ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗಳಿಗೆ ಸೂಜಿ ಹಾಕಿ, ಒಂದೂವರೆ ಲಕ್ಷ ಶಾಲಾಮಕ್ಕಳಿಗೆ ತಿಳಿವಳಿಕೆ ಕೊಡುವ ಮಟ್ಟಕ್ಕೆ ಈ ಕೆಲಸ ಬೆಳೆಯಿತು. 2013ರಿಂದ 2019ರವರೆಗಿನ ಅವಧಿಯಲ್ಲಿ ನಾಯಿಗಳಲ್ಲಿ ಕಾಣುತ್ತಿದ್ದ ರೋಗ ನೂರಕ್ಕೆ 92ರಷ್ಟು ಇಳಿಯಿತು; ಮನುಷ್ಯರ ಸಾವು ನಿಂತಿತು. 2021ರಲ್ಲಿ ಗೋವೆಯನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಸಾರಲಾಯಿತು.

ಇದಕ್ಕೂ ಹಗ್ಗಕ್ಕೂ ಏನು ಸಂಬಂಧ ಎಂದು ಕೇಳಬಹುದು. ಎರಡು ಸಂಬಂಧಗಳಿವೆ. ಒಂದನೆಯದು: ಹಗ್ಗಕ್ಕೆ ಒಗ್ಗಿದ ನಾಯಿಯನ್ನು ಒಡೆಯನೇ ಹಿಡಿದುಕೊಂಡರೆ ಸೂಜಿ ಹಾಕುವುದು ಒಂದು ನಿಮಿಷದ ಕೆಲಸ. ಕಂಡಕಂಡಲ್ಲಿ ತಿರುಗುವ ನಾಯಿಯನ್ನು ಬಲೆ ಬೀಸಿ ಹಿಡಿಯಬೇಕು. ತಪ್ಪಿಸಿಕೊಂಡರೆ ಆ ವರ್ಷ ಸೂಜಿ ಇಲ್ಲ. ಎರಡನೆಯದು: ರೋಗಕ್ಕೆ ಗಡಿಗಂಬ ಕಾಣುವುದಿಲ್ಲ. ಚೋರ್ಲಾ, ಅನಮೋಡ, ಕಾರವಾರದ ದಾರಿಗಳಲ್ಲಿ ಮರಿಗಳನ್ನು ಚೀಲದಲ್ಲಿಟ್ಟು ತರುವವರು ನಾವೇ. ಸೂಜಿ ಹಾಕಿಸದ ಒಂದು ಮರಿ ತಂದು, ಅದನ್ನು ಬಿಟ್ಟು ಸಾಕಿದರೆ, ಊರೆಲ್ಲ ಕೂಡಿ ಕಟ್ಟಿದ ಬದುವನ್ನು ನಾವು ಒಂದು ಕಡೆ ಒಡೆದಂತೆ. ಇಲ್ಲಿಯ ನೀರು, ಇಲ್ಲಿಯ ಅನ್ನ ಉಣ್ಣುವ ನಮಗೆ ಅದು ಶೋಭಿಸದು.

ಮರಿಗೆ ಮೂರು ತಿಂಗಳು ತುಂಬಿದೊಡನೆ ದನದ ದವಾಖಾನೆಯಲ್ಲಿ ಮೊದಲ ಸೂಜಿ ಹಾಕಿಸಿರಿ. ಅನಂತರ ವೈದ್ಯರು ಹೇಳಿದ ದಿನ ಮತ್ತೊಂದು, ಆಮೇಲೆ ವರ್ಷಕ್ಕೊಮ್ಮೆ. ಬರೆದುಕೊಟ್ಟ ಚೀಟಿಯನ್ನು ರೇಶನ್ ಕಾರ್ಡಿನ ಜೊತೆಗೇ ಇಡಿರಿ.

ಕಾಯಿದೆ ಏನು ಹೇಳುತ್ತದೆ?

ಕಾಯಿದೆ ಎರಡೂ ಕಡೆಯಿಂದ ನಮ್ಮನ್ನು ಎಚ್ಚರಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ಎಚ್ಚರ ವಹಿಸದ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. “ನನಗೆ ಗೊತ್ತಿರಲಿಲ್ಲ” ಎಂದರೆ ನಡೆಯದು, ಅಲಕ್ಷ್ಯವೂ ಅಪರಾಧವೇ.

ಇದನ್ನು ಓದಿ ನಾಯಿಯನ್ನು ಹಗಲುರಾತ್ರಿ ಗೂಟಕ್ಕೆ ಬಿಗಿದು ಕುಳಿತರೆ ಅದೂ ತಪ್ಪು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಲ್ಲಿ, ತೀರ ಗಿಡ್ಡ ಅಥವಾ ತೀರ ಭಾರವಾದ ಸರಪಳಿಯಿಂದ ಬಹಳ ಹೊತ್ತು ಕಟ್ಟಿಹಾಕುವುದನ್ನೂ, ಸದಾ ಕಟ್ಟಿಟ್ಟ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನೂ ಕ್ರೌರ್ಯವೆಂದು ಹೇಳಿದೆ. ಇದು ದಯೆಯ ಮಾತು ಮಾತ್ರವಲ್ಲ, ಅನುಭವದ ಮಾತು ಕೂಡ. ಸದಾ ಕಟ್ಟಿದ ನಾಯಿ ಸಿಡುಕಾಗುತ್ತದೆ. ಒಂದು ದಿನ ಸರಪಳಿ ಕಡಿದಾಗ ಎದುರಿಗೆ ಬಂದವರ ಮೇಲೆ ಹಾರುತ್ತದೆ.

ಹಾಗಾದರೆ ಬಿಡುವುದೆಲ್ಲಿ, ಕಟ್ಟುವುದೆಲ್ಲಿ?

ಒಂದೇ ಸಾಲಿನಲ್ಲಿ ಹೇಳುವುದಾದರೆ: ಬೇಲಿಯ ಒಳಗೆ ಬಿಚ್ಚಿರಿ, ಬೇಲಿಯ ಹೊರಗೆ ಹಗ್ಗ ಹಿಡಿಯಿರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಂಗಳ, ತೋಟ: ಸುತ್ತಲೂ ಸಂದಿಲ್ಲದ ಬೇಲಿಯಿದ್ದರೆ ಹಗಲು ನಾಯಿ ಬಿಟ್ಟಿರಲಿ. ಗೇಟಿಗೆ ಒಳಚಿಲಕವಿರಲಿ. ಅಂಚೆಯವನು, ಕೂಲಿಯಾಳು, ಸಿಲಿಂಡರ್ ತರುವವನು ಬರುವ ಹೊತ್ತಿಗೆ ಕಟ್ಟಿರಿ.

ರಸ್ತೆ, ಸಂತೆ, ಬಸ್‌ನಿಲ್ದಾಣ, ಶಾಲೆ, ದೇವಸ್ಥಾನ, ಇಗರ್ಜಿ: ಇಲ್ಲಿ ಹಗ್ಗವಿಲ್ಲದೆ ಒಂದು ಹೆಜ್ಜೆಯೂ ಬೇಡ. ನಾಯಿಯೆಂದರೆ ಹೆದರುವವರು ಬಹಳ ಮಂದಿ ಇರುತ್ತಾರೆ. “ಹೆದರಬೇಡಿ” ಎಂದು ಅವರಿಗೆ ಹೇಳುವುದಕ್ಕಿಂತ ಹಗ್ಗವನ್ನು ಗಿಡ್ಡ ಮಾಡಿ ಹಿಡಿಯುವುದು ಮರ್ಯಾದೆ.

ನೆರೆಯವರ ಹೊಲ: ಬಿಟ್ಟ ನಾಯಿ ಕೋಳಿ ಹಿಡಿಯುತ್ತದೆ, ಗಬ್ಬದ ಆಡನ್ನು ಓಡಿಸಿ ಕಂದು ಹಾಕಿಸುತ್ತದೆ, ನಾಟಿ ಮಾಡಿದ ಗದ್ದೆ ತುಳಿಯುತ್ತದೆ. ಹೆಣ್ಣುನಾಯಿಯಾದರೆ ಸುಮಾರು 63 ದಿನಗಳಲ್ಲಿ ಬೇಡದ ಮರಿಗಳು ಹುಟ್ಟಿ ಬೀದಿಯ ಪಾಲಾಗುತ್ತವೆ. ಮರಿ ಬೇಡವಾದವರು ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದೇ ಮೇಲು.

ಕಡಲದಂಡೆ: ಮರಳು ಬಯಲಾಗಿ ಕಾಣುವುದರಿಂದ ಇಲ್ಲಿ ಬಿಡಬಹುದೆಂದು ತೋರುತ್ತದೆ. ಆದರೆ ಮೊರ್ಜಿಂ, ಆಗೊಂದ, ಗಾಲ್ಜಿಬಾಗ ದಂಡೆಗಳಲ್ಲಿ ಚಳಿಗಾಲದಿಂದ ಕಡಲಾಮೆಗಳು ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಒಂದೊಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ. ಒಂದು ನಾಯಿ ಒಂದು ರಾತ್ರಿಯಲ್ಲಿ ಅಗೆದು ಮುಗಿಸಬಲ್ಲದು.

ಕಾಡಂಚು: ಸತ್ತರಿ, ಧಾರಬಾಂದೋಡಾ, ಸಾಂಗೆ, ಕಾಣಕೋಣ ಕಡೆಯವರು ಇದನ್ನು ಗಮನಿಸಬೇಕು. ಚಿರತೆಗೆ ನಾಯಿ ಬಹು ಇಷ್ಟದ ಆಹಾರ. ರಾತ್ರಿ ಬಿಟ್ಟ ನಾಯಿ ಮರಳದೆ ಹೋಗಬಹುದು. ಅಂಗಳದಲ್ಲಿ ಸರಪಳಿಗೆ ಕಟ್ಟಿದ ನಾಯಿಯಂತೂ ಓಡಿ ಪಾರಾಗಲೂ ಆರದು. ಆದುದರಿಂದ ಸಂಜೆಯಾದೊಡನೆ ನಾಯಿ ಕೊಟ್ಟಿಗೆಯ ಒಳಗೆ, ಬಾಗಿಲು ಭದ್ರ.

ಹಬ್ಬದ ದಿನಗಳು: ಚೌತಿಯ ಪಟಾಕಿಗೂ, ದೀಪಾವಳಿಯ ಹಿಂದಿನ ರಾತ್ರಿಯ ನರಕಾಸುರನ ಗದ್ದಲಕ್ಕೂ ಹೆದರಿ ನಾಯಿಗಳು ದಿಕ್ಕು ತಪ್ಪಿ ಓಡುತ್ತವೆ. ಅಂದು ಸಂಜೆಗೆ ಮುಂಚೆಯೇ ತಿರುಗಾಡಿಸಿ ತಂದು ಒಳಗೆ ಕೂಡಿರಿ.

ಅಂಗಳವೇ ಇಲ್ಲದ ಸಾಲುಮನೆಯವರ ಗತಿಯೇನು? ಅಂಥವರು ದಿನಕ್ಕೆ ಎರಡು ಸಲ, ಬಿಸಿಲೇರುವ ಮುಂಚೆ ಮತ್ತು ಬಿಸಿಲಿಳಿದ ಮೇಲೆ, ಅರ್ಧ ಅರ್ಧ ಗಂಟೆಯಾದರೂ ಹಗ್ಗ ಹಿಡಿದು ನಡೆಸಬೇಕು. ಕಾದ ಡಾಂಬರು ನಾಯಿಯ ಅಂಗಾಲನ್ನು ಸುಡುತ್ತದೆ. ನಿಮ್ಮ ಅಂಗೈಯನ್ನು ರಸ್ತೆಗೆ ಊರಿ ನೋಡಿ ತಿಳಿಯಿರಿ. ಇಷ್ಟು ಬಿಡುವಿಲ್ಲದವರು ಓಡುವ ಜಾತಿಯ ನಾಯಿಯನ್ನು ತರದಿರುವುದೇ ಲೇಸು. ಇದು ಕಠಿಣವಾದ ಮಾತು, ಆದರೆ ನಾಯಿಯ ಹಿತಕ್ಕಾಗಿಯೇ ಹೇಳಿದ್ದು.

ಹಗ್ಗ, ಪಟ್ಟಿ ಹೇಗಿರಬೇಕು?

ಸರಪಳಿ ಬೇಡ. ಕೈಬೆರಳಿನಷ್ಟು ದಪ್ಪದ ನೂಲಿನ ಹಗ್ಗ ನಾಲ್ಕೈದು ಅಡಿ ಇದ್ದರೆ ಸಾಕು. ಕೊರಳಪಟ್ಟಿಯ ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ. ಮುಧೋಳ ನಾಯಿಯ ತಲೆ ಸಣ್ಣದು, ಕೊರಳು ಉದ್ದ. ಸಾದಾ ಪಟ್ಟಿ ಜಾರಿ ಕಳಚುತ್ತದೆ. ಅದಕ್ಕೆ ಅಗಲವಾದ ಪಟ್ಟಿ, ಇಲ್ಲವೆ ಎದೆಗೆ ಸುತ್ತಿ ಕಟ್ಟುವ ಪಟ್ಟಿ ಒಳ್ಳೆಯದು. ಪಟ್ಟಿಗೆ ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಇರಲಿ. ಹಗ್ಗದ ತುದಿಗೆ ಹಿಡಿಕೆಯ ಕುಣಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯಿರಿ; ಬೆರಳಿಗೆ ಸುತ್ತಿಕೊಳ್ಳಬೇಡಿರಿ, ನಾಯಿ ಜಗ್ಗಿದರೆ ಬೆರಳು ಮುರಿದೀತು. ದೊಡ್ಡ ನಾಯಿಯ ಹಗ್ಗವನ್ನು ಸಣ್ಣ ಮಕ್ಕಳ ಕೈಗೆ ಕೊಡಲೇಬೇಡಿರಿ.

ಕರೆದರೆ ಬರುವ ಪಾಠ

ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಒಂದು ಸೂತ್ರವಿದೆ: ಸುಲಭದಿಂದ ಕಠಿಣದ ಕಡೆಗೆ ಹೋಗಬೇಕು. ನಾಯಿಗೂ ಇದೇ ಸೂತ್ರ. ಮೊದಲು ಮನೆಯೊಳಗೆ, ಎರಡು ಹೆಜ್ಜೆ ದೂರದಿಂದ ಹೆಸರು ಹಿಡಿದು ಕರೆಯಿರಿ. ಬಂದರೆ ರೊಟ್ಟಿಯ ಚೂರು ಕೊಡಿರಿ. ಒಂದು ವಾರದ ಮೇಲೆ ಅಂಗಳದಲ್ಲಿ. ಆಮೇಲೆ ಕೊಯ್ದ ಹೊಲದಲ್ಲಿ, ಇಪ್ಪತ್ತೈದು ಮೂವತ್ತು ಅಡಿಯ ಉದ್ದ ಹಗ್ಗ ಕಟ್ಟಿ, ಆಡು ಕೋಳಿಗಳಿಲ್ಲದ ಹೊತ್ತಿನಲ್ಲಿ. ಈ ಉದ್ದ ಹಗ್ಗದಿಂದ ನಾಯಿಗೆ ಓಟವೂ ಸಿಕ್ಕಿತು, ನಿಮಗೆ ಹತೋಟಿಯೂ ಉಳಿಯಿತು.

ಒಂದು ತಪ್ಪನ್ನು ಮಾಡಬೇಡಿರಿ. ನಾಯಿ ತಡವಾಗಿ ಬಂತೆಂದು ಹೊಡೆಯಬೇಡಿರಿ. ಹೊಡೆದರೆ, ಕರೆದಾಗ ಬಂದರೆ ಏಟು ಬೀಳುತ್ತದೆ ಎಂದೇ ಅದು ಕಲಿಯುತ್ತದೆ. ಮತ್ತು ಈ ಪಾಠ ಎಷ್ಟೇ ಚೆನ್ನಾಗಿ ಬಂದರೂ ಅದು ಹಗ್ಗಕ್ಕೆ ಬದಲಲ್ಲ. ಹಗ್ಗ ಕೈತಪ್ಪಿದ ದಿನಕ್ಕೆ ಆಸರೆ ಮಾತ್ರ.

ಕಚ್ಚಿದರೆ ಏನು ಮಾಡಬೇಕು?

ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿಣ, ಖಾರ, ಸುಣ್ಣ ಮೆತ್ತಬೇಡಿರಿ. ಅದೇ ದಿನ ದವಾಖಾನೆಗೆ ಹೋಗಿರಿ. ಚರ್ಮದೊಳಗೆ ಸೂಜಿ ಕೊಡುವ ಕ್ರಮದಲ್ಲಿ ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನ ಸೂಜಿ ಇರುತ್ತದೆ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಬೇರೆ ಔಷಧ ಕೊಡುತ್ತಾರೆ. ಎರಡು ಸೂಜಿ ಆದ ಮೇಲೆ ಗಾಯ ಮಾಯಿತೆಂದು ಕೂಲಿ ತಪ್ಪಿಸಿಕೊಳ್ಳಲಾರದೆ ನಿಲ್ಲಿಸುವವರುಂಟು, ಹಾಗೆ ಮಾಡಬೇಡಿರಿ. ಕಚ್ಚಿದ್ದು ನಿಮ್ಮ ನಾಯಿಯಾಗಿದ್ದರೆ ಅಡಗಿಸದೆ ಹೇಳಿರಿ, ಸೂಜಿಯ ಚೀಟಿ ತೋರಿಸಿರಿ, ನಾಯಿಯನ್ನು ಹತ್ತು ದಿನ ಕಟ್ಟಿ ನೋಡಿರಿ, ದನದ ವೈದ್ಯರಿಗೂ ತಿಳಿಸಿರಿ.

ಮಕ್ಕಳಿಗೆ ಇಷ್ಟು ಕಲಿಸಿರಿ: ಗೊತ್ತಿಲ್ಲದ ನಾಯಿ ಹತ್ತಿರ ಬಂದರೆ ಓಡಬಾರದು, ಕಿರಿಚಬಾರದು; ಕೈಗಳನ್ನು ಮೈಗೆ ಹಚ್ಚಿ ಮರದಂತೆ ನಿಲ್ಲಬೇಕು.

ಕೊನೆಯ ಮಾತು

ಆ ಪಾಲಕರಿಗೆ ನಾನು ಹೇಳಿದ ಎರಡು ಮಾತು ಇವು: “ನಿಮ್ಮ ನಾಯಿ ಶಾಣ್ಯಾ ಇದೆ ಎಂಬುದು ನಿಮಗೆ ಗೊತ್ತು, ದಾರಿಯವರಿಗೆ ಗೊತ್ತಿಲ್ಲ. ಹಗ್ಗ ನಾಯಿಗೆ ಕೊಟ್ಟ ಶಿಕ್ಷೆಯಲ್ಲ, ದಾರಿಯವರಿಗೆ ನೀವು ಕೊಟ್ಟ ಮಾತು.”

ಪರನಾಡಿನಲ್ಲಿ ಬಾಳುವ ನಮಗೆ ನೆರೆಯವರ ವಿಶ್ವಾಸವೇ ದೊಡ್ಡ ಆಸ್ತಿ. ನಮ್ಮ ನಾಯಿ ಏನು ಮಾಡಿದರೂ ಊರವರು “ಕನ್ನಡದವರ ನಾಯಿ” ಎನ್ನುತ್ತಾರೆ. ಆ ಪೈಲಟರ ತೋಳು ಕೂಡಿಕೊಂಡು ಈಗ ಎರಡು ವರ್ಷವಾಯಿತು. ಈಗಲೂ ಬೆಳಿಗ್ಗೆ ಅದೇ ಜಾಗದಲ್ಲಿ ಭೇಟಿಯಾಗುತ್ತೇವೆ. ದೂರದಿಂದಲೇ ಅವರು ಗಾಡಿಯ ವೇಗ ತಗ್ಗಿಸುತ್ತಾರೆ. ಮೊದಲು ನೋಡುವುದು ನನ್ನ ಮುಖವನ್ನಲ್ಲ, ಕೈಯನ್ನು. ಹಗ್ಗ ಕಂಡ ಮೇಲೆ ನಕ್ಕು ಮುಂದೆ ಹೋಗುತ್ತಾರೆ.